ಬುಡ ಕೊಳೆತ ಬೇಲಿ ಕಂಬಗಳ ದುರಸ್ತಿ

ಖಾನಾಪುರ ತಾಲೂಕಿನ ಕಾಡಂಚಿನ ಭತ್ತದ ಗದ್ದೆಗಳಿಗೆ ಬೇಲಿಯೇ ಕಾವಲು. ತೆನೆ ಹಾಲುಗಟ್ಟುವ ಹೊತ್ತಿಗೆ ಒಂದು ಕಂಬ ವಾಲಿದರೂ ಸಾಕು, ಕಾಡುಹಂದಿಗಳು ಒಂದೇ ರಾತ್ರಿಯಲ್ಲಿ ಬೆಳೆಯನ್ನು ತುಳಿದು ಹಾಳುಮಾಡುತ್ತವೆ. ಬೆಳಗಾವಿಯ ಹಿಂದವಾಡಿಯಂತಹ ಬಡಾವಣೆಯ ಹಿತ್ತಲಲ್ಲಾದರೆ ದನ ನುಗ್ಗಿ ಕಾಯಿಪಲ್ಲೆ ಮೇಯಬಹುದು, ಅಷ್ಟೆ. ಆದರೆ ಕಂಬ ಕೊಳೆಯುವ ರೀತಿ ಎರಡೂ ಕಡೆ ಒಂದೇ.

ಕಟ್ಟಿಗೆಯನ್ನು ಕೊಳೆಸುವುದು ಶಿಲೀಂಧ್ರ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ನೆಲದ ಆಳದಲ್ಲಿ ಗಾಳಿ ಕಡಿಮೆ. ಕಂಬದ ಮೇಲ್ಭಾಗ ಬೇಗ ಒಣಗುತ್ತದೆ. ಇವೆರಡೂ ಕೂಡಿರುವುದು ನೆಲಮಟ್ಟದಲ್ಲಿ. ಆದ್ದರಿಂದ ಅಲ್ಲಿ ಗೇಣುದ್ದ ಕೊಳೆತಿದ್ದರೂ ಮೇಲಿನ ಕಂಬ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ಕಿತ್ತು ಒಲೆಗೆ ಹಾಕುವುದು ದಂಡ.

ಏಪ್ರಿಲ್–ಮೇ ತಿಂಗಳಲ್ಲಿ, ಕಟ್ಟಿಗೆ ಒಣಗಿರುವಾಗ, ಕಂಬದ ಬುಡದ ಮಣ್ಣು ಸರಿಸಿ ಉಳಿಯಿಂದ ಚುಚ್ಚಿ ನೋಡಬೇಕು. ಉಳಿ ಸಲೀಸಾಗಿ ಇಳಿದರೆ ಕಂಬಕ್ಕೆ ತಾತ್ಕಾಲಿಕ ಆಧಾರ ಕೊಟ್ಟು, ಗಟ್ಟಿ ಕಟ್ಟಿಗೆ ಸಿಗುವವರೆಗೆ ಬುಡವನ್ನು ಗರಗಸದಿಂದ ಕೊಯ್ದು, ಕೊಳೆತ ತುಂಡನ್ನು ನೆಲದಿಂದ ತೆಗೆಯಬೇಕು. ನಂತರ ಕಂಬಕ್ಕೆ ತಾಗಿದಂತೆ ನಾಲ್ಕು ಅಡಿಯ ಗೂಟವೊಂದನ್ನು ಎರಡು ಅಡಿ ಆಳಕ್ಕೆ ಹುಗಿಯಬೇಕು. ಬೈರಿಗೆಯಿಂದ ಎರಡಕ್ಕೂ ತೂತು ಕೊರೆದು, ಒಂದು ಅಡಿ ಅಂತರದಲ್ಲಿ ಎರಡು ಬೋಲ್ಟು ಬಿಗಿಯಬೇಕು. ಹಳೆಯ ಕಂಬದ ತುದಿ ನೆಲದಿಂದ ಕನಿಷ್ಠ ಮೂರು ಅಂಗುಲ ಮೇಲಿರಲಿ. ಇಡೀ ದುರಸ್ತಿಯ ಬಾಳಿಕೆ ಈ ಅಂತರದಲ್ಲಿದೆ.

ಗೂಟಕ್ಕೆ ಜಂಬೆ, ಮತ್ತಿ ಅಥವಾ ಸಾಗವಾನಿಯ ಒಳತಿರುಳು ಉತ್ತಮ. ಹೊರಗಿನ ಬಿಳಿ ಕಟ್ಟಿಗೆ ಯಾವ ಮರದ್ದಾದರೂ ಬೇಗ ಕೊಳೆಯುತ್ತದೆ. ಹಳೆ ಮನೆ ಕೆಡವಿದಾಗ ಸಿಗುವ ತೊಲೆಯ ತುಂಡುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಕಲ್ಲಿನ ಗೂಟವಿದ್ದರೆ ಕೊಳೆಯುವ ಚಿಂತೆಯೇ ಇಲ್ಲ. ಬೋಲ್ಟಿನ ಬದಲು ದಪ್ಪ ತಂತಿಯಿಂದ ಬಿಗಿದು ಕಟ್ಟಬಹುದು.

ಡಾಂಬರನ್ನು ಒಣ ಕಟ್ಟಿಗೆಗೆ ಮಾತ್ರ ಬಳಿಯಬೇಕು. ಹಸಿ ಕಟ್ಟಿಗೆಗೆ ಬಳಿದರೆ ತೇವ ಒಳಗೇ ಉಳಿದು ಕೊಳೆತ ಹೆಚ್ಚುತ್ತದೆ. ಬುಡದ ಸುತ್ತ ಸಿಮೆಂಟು ಹಾಕುವ ರೂಢಿಯೂ ಇದೆ. ಕಟ್ಟಿಗೆ ಒಣಗಿ ಕುಗ್ಗಿದಾಗ ಆ ಸಂದಿನಲ್ಲಿ ನೀರು ನಿಲ್ಲುತ್ತದೆ. ಅದರ ಬದಲು ಮಣ್ಣನ್ನು ಚೆನ್ನಾಗಿ ಧಮ್ಮಸು ಮಾಡಿ, ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡುವುದು ಲೇಸು. ಗೆದ್ದಲಿಗೆಂದು ಹಿಂದೆ ಸುರಿಯುತ್ತಿದ್ದ ಬಿ.ಎಚ್.ಸಿ. ಪುಡಿ 1997ರಿಂದ ನಿಷೇಧವಾಗಿದೆ. ಮನೆಯ ಮೂಲೆಯಲ್ಲಿ ಹಳೆಯ ಚೀಲ ಉಳಿದಿದ್ದರೂ ಬಳಸಬಾರದು.

ತಂತಿಯ ಎಳೆತವೆಲ್ಲ ಬೀಳುವ ಮೂಲೆಯ ಕಂಬಗಳಿಗೆ ಈ ಜೋಡಣೆ ಸಾಲದು. ಅಲ್ಲಿ ಹೊಸ ಕಂಬವನ್ನೇ ಹುಗಿದು ಓರೆ ಆಸರೆ ಕೊಡಬೇಕು. ನಡುವಿನ ಕಂಬಗಳ ಪಕ್ಕ ಮಳೆ ಹಿಡಿದೊಡನೆ ಗ್ಲಿರಿಸಿಡಿಯಾ ಅಥವಾ ಹಾಲವಾಣದ ಗೂಟ ನೆಟ್ಟರೆ, ದುರಸ್ತಿಯ ಕಂಬ ಸವೆಯುವ ಹೊತ್ತಿಗೆ ತಂತಿ ಹೊರಲು ಜೀವಂತ ಕಂಬ ಸಿದ್ಧವಿರುತ್ತದೆ.