ಚರ್ಚಾಗೋಷ್ಠಿಯಲ್ಲಿ ಪಾಲುಗೊಳ್ಳುವ ಬಗೆ

ಮಳೆಗಾಲದಲ್ಲಿ ತೀರ್ಥಹಳ್ಳಿಯವರೂ ಹೊಸನಗರದವರೂ ಒಂದೆಡೆ ಸೇರಿದರೆ ಮಾತು ಮಳೆಯತ್ತ ಹೊರಳದೆ ಇರದು. ಆಗುಂಬೆಯಲ್ಲೇ ಮಳೆ ಹೆಚ್ಚೆಂದು ಒಬ್ಬರು, ಹುಲಿಕಲ್ಲಿನಲ್ಲೇ ಹೆಚ್ಚೆಂದು ಮತ್ತೊಬ್ಬರು ವಾದಿಸುತ್ತಾರೆ. ಸಾಗರದವರು ನಡುವೆ ಕುಳಿತು ಎರಡೂ ಕಡೆಗೆ ತಲೆದೂಗುತ್ತಾರೆ. ಗಂಟೆ ಕಳೆದರೂ ವಾದ ತೀರುವುದಿಲ್ಲ. ಇದಕ್ಕೆ ಕಾರಣವೇನು? ಒಬ್ಬರ ಮನಸ್ಸಿನಲ್ಲಿರುವುದು ಅನೇಕ ವರ್ಷಗಳ ಸರಾಸರಿ; ಇನ್ನೊಬ್ಬರ ಮನಸ್ಸಿನಲ್ಲಿರುವುದು ತಾವು ಕಂಡ ಒಂದು ವರ್ಷದ ಮಳೆ. ಕೆಲವು ವರ್ಷಗಳಲ್ಲಿ ಹುಲಿಕಲ್ಲು ಆಗುಂಬೆಯನ್ನು ಮೀರಿಸಿರುವುದುಂಟು. ಆದುದರಿಂದ ಕೇಳುತ್ತಿರುವ ಪ್ರಶ್ನೆ ಯಾವುದೆಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ, ಮಳೆಮಾಪಕದ ಲೆಕ್ಕವನ್ನು ನೋಡಿ ವಾದವನ್ನು ಮುಗಿಸಬಹುದು.

ಪ್ರಶ್ನೆ ಸ್ಪಷ್ಟವಾಗಿದ್ದರೂ ಗೋಷ್ಠಿ ದಾರಿ ತಪ್ಪಬಹುದು. ನಮ್ಮ ಪ್ರಯೋಗಶಾಲೆಯಲ್ಲಿ ಒಮ್ಮೆ ಎಂಟು ಮಂದಿ ವಿದ್ಯಾರ್ಥಿಗಳು ಒಂದು ಮೀಟರ್ ಉದ್ದದ ಲೋಲಕದ 20 ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಅಳೆಯುತ್ತಿದ್ದರು. ಚುರುಕಾದ ಹುಡುಗನೊಬ್ಬನು ಗುಂಡನ್ನು ಬಿಟ್ಟ ಕ್ಷಣದಲ್ಲೇ ‘ಒಂದು’ ಎಂದು ಎಣಿಸಲು ಆರಂಭಿಸಿ, 38 ಸೆಕೆಂಡು ಎಂದು ಸಾರಿದನು. ಆರು ಮಂದಿ ಅವನಂತೆಯೇ ಎಣಿಸಿದರು. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಸೊನ್ನೆಯಿಂದ ಎಣಿಸಿ 40 ಸೆಕೆಂಡು ಪಡೆದಿದ್ದಳು. ಉಳಿದವರ ಮಾತು ಕೇಳಿ ಅದನ್ನು ಹೊಡೆದುಹಾಕಿ 38 ಎಂದು ಬರೆದಳು. ಗುರುತ್ವದ ವೇಗೋತ್ಕರ್ಷ 9.8ಕ್ಕೆ ಬದಲು ಸುಮಾರು 10.9 ಎಂದು ಬಂದಿತು. ಏಳು ಮಂದಿ ಎಣಿಸಿದ್ದು 19 ಆಂದೋಲನಗಳನ್ನು ಮಾತ್ರ! ಅವರೆಲ್ಲರ ಮಾತು ಒಂದೇ ಆಗಿದ್ದುದು ನಿಜ. ಆದರೆ ಅವರೆಲ್ಲರ ತಪ್ಪೂ ಒಂದೇ ಆಗಿತ್ತು. “ಎಲ್ಲರೂ ಹಾಗೆ ಹೇಳುವಾಗ ನನ್ನದೇ ತಪ್ಪಿರಬೇಕು ಅಂದುಕೊಂಡೆ ಸಾರ್” ಎಂದಳು ಆ ಹುಡುಗಿ. ಒಮ್ಮತವನ್ನು ಕಂಡು ತೃಪ್ತರಾಗಿ, ಬೇರೆ ಉತ್ತರವೇನಾದರೂ ಬಂದಿದೆಯೇ ಎಂದು ವಿಚಾರಿಸದೆ ಹೋದ ತಪ್ಪು ನಮ್ಮದು.

ಇಂಗ್ಲೆಂಡಿನ ಪ್ಲಿಮತ್ ಊರಿನ ಜಾನುವಾರು ಪ್ರದರ್ಶನದಲ್ಲಿ ಎತ್ತೊಂದರ ಮಾಂಸದ ತೂಕವನ್ನು ಊಹಿಸುವ ಸ್ಪರ್ಧೆ ನಡೆದಿತ್ತು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಅಲ್ಲಿನ 787 ಚೀಟಿಗಳನ್ನು ಪರಿಶೀಲಿಸಿ 1907ರಲ್ಲಿ ಲೇಖನವನ್ನು ಪ್ರಕಟಿಸಿದನು. ಊಹೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬಂದದ್ದು 1,207 ಪೌಂಡು. ಅವನು ಕೊಟ್ಟಿರುವ ನಿಜವಾದ ತೂಕ 1,198 ಪೌಂಡು. ಪ್ರತಿಯೊಬ್ಬನೂ ತನ್ನ ಊಹೆಯನ್ನು ಪ್ರತ್ಯೇಕವಾಗಿ ಬರೆದುಕೊಟ್ಟಿದ್ದುದರಿಂದ, ಹೆಚ್ಚು ಹೇಳಿದವರ ತಪ್ಪನ್ನು ಕಡಿಮೆ ಹೇಳಿದವರ ತಪ್ಪು ಸರಿದೂಗಿಸಿತು.

ಇದಕ್ಕೆ ವಿರುದ್ಧವಾದ ಚಿತ್ರವನ್ನು 1950ರ ದಶಕದಲ್ಲಿ ಅಮೆರಿಕದ ಸಾಲೊಮನ್ ಆಶ್ ತೋರಿಸಿದನು. ಗೆರೆಗಳ ಉದ್ದವನ್ನು ಹೋಲಿಸುವುದು ಮಕ್ಕಳಿಗೂ ಸುಲಭ. ಆದರೆ ಸುತ್ತಲಿನವರೆಲ್ಲರೂ ಮೊದಲೇ ಗೊತ್ತುಮಾಡಿಕೊಂಡಂತೆ ತಪ್ಪು ಉತ್ತರವನ್ನು ಹೇಳಿದಾಗ, ಅದನ್ನರಿಯದವರ ಉತ್ತರಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಅವರನ್ನೇ ಅನುಸರಿಸಿತು. ಗುಂಪಿನಲ್ಲಿ ಇನ್ನೊಬ್ಬನು ಸರಿಯಾದ ಉತ್ತರವನ್ನು ಹೇಳಿದರೆ ಸಾಕು, ಈ ದೋಷ ಬಹಳಮಟ್ಟಿಗೆ ಇಳಿಯುತ್ತಿತ್ತು.

ಈ ಪ್ರಯೋಗಗಳಿಂದ ಗೋಷ್ಠಿಗೆ ಹೋಗುವವರು ಕಲಿಯಬೇಕಾದುದೇನು? ಮೊದಲನೆಯದಾಗಿ, ಚರ್ಚೆಗೆ ಮುನ್ನವೇ ನಮ್ಮ ಅಭಿಪ್ರಾಯವನ್ನೂ ಅದರ ಕಾರಣವನ್ನೂ ಎರಡು ಸಾಲು ಬರೆದಿಟ್ಟುಕೊಳ್ಳಬೇಕು. ಎರಡನೆಯದಾಗಿ, ಅಧ್ಯಕ್ಷರೂ ಹಿರಿಯರೂ ಕೊನೆಗೆ ಮಾತನಾಡುವುದು ಲೇಸು. ಅವರು ಮೊದಲು ನುಡಿದರೆ ಉಳಿದವರ ಮಾತು ಅದರ ಪ್ರತಿಧ್ವನಿಯಾಗುತ್ತದೆ. ಮೂರನೆಯದಾಗಿ, ಇನ್ನೊಬ್ಬರ ವಾದಕ್ಕೆ ಉತ್ತರಿಸುವ ಮೊದಲು ಅದನ್ನು ಅವರೇ ಒಪ್ಪುವಂತೆ ಒಮ್ಮೆ ಹೇಳಿ ತೋರಿಸಬೇಕು. ನಾಲ್ಕನೆಯದಾಗಿ, ಒಳ್ಳೆಯ ಕಾರಣ ಕಂಡಾಗ ಅಭಿಪ್ರಾಯವನ್ನು ಸಂಕೋಚವಿಲ್ಲದೆ ಬದಲಿಸಬೇಕು. ಬರಿಯ ತಲೆಯೆಣಿಕೆಗೆ ಮಣಿದು ಬದಲಿಸಬಾರದು. ಹಿರಿಯರ ಎದುರು ಎದುರಾಡಬಾರದೆಂಬುದು ಮಲೆನಾಡಿನ ಮನೆಗಳಲ್ಲಿ ಬಂದ ನಡವಳಿಕೆ. ಅದಕ್ಕೆ ಭಂಗ ಬಾರದಂತೆಯೂ ಮಾತನಾಡಬಹುದು: “ನನ್ನ ಲೆಕ್ಕ ಬೇರೆ ಬಂದಿದೆ, ಎಲ್ಲಿ ತಪ್ಪಿದೆಯೋ ತಾವೇ ನೋಡಿ ಹೇಳಬೇಕು.”

ಈ ಅಭ್ಯಾಸಕ್ಕೆ ನಮ್ಮ ಸೀಮೆ ಹೊಸದಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ತನ್ನ ಸಂಸ್ಕೃತಿ ಶಿಬಿರಗಳಲ್ಲಿ ಉಪನ್ಯಾಸ, ನಾಟಕಗಳ ಜೊತೆಗೆ ಚರ್ಚೆಗೂ ಸ್ಥಾನ ಕೊಟ್ಟಿದೆ. ಅದರ ಅಗತ್ಯವೂ ಇಲ್ಲಿನವರಿಗೆ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿಯ ನೀರಿನಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಗದ್ದೆ ತೋಟಗಳು ಮುಳುಗಿದವು. ನೆಲ, ನೀರು, ಕಾಡುಗಳ ಪ್ರಶ್ನೆಗಳು ಇಂದಿಗೂ ಗ್ರಾಮಸಭೆಗಳ ಮುಂದೆ ಬರುತ್ತಿವೆ. ಗುಡ್ಡದ ಯಾವ ಮಗ್ಗುಲು ಮಳೆಗೆ ಜರಿಯುತ್ತದೆಂಬುದನ್ನು ಕಣ್ಣಾರೆ ಕಂಡ ಅಜ್ಜಿಯೊಬ್ಬರು ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರಬಹುದು. ಆ ಮಾತು ಹೊರಬರದೆ ಹೋದರೆ ಹಾನಿಯನ್ನು ಅನುಭವಿಸುವುದು ಇಡೀ ಊರು. ಆದುದರಿಂದ, ಸಭೆ ಮುಗಿಯುವ ಮುನ್ನ “ಬೇರೆ ಲೆಕ್ಕ ಬಂದವರು ಯಾರಾದರೂ ಇದ್ದೀರಾ?” ಎಂದು ಕೇಳುವ ರೂಢಿಯನ್ನು ಬೆಳೆಸಿಕೊಳ್ಳೋಣ. ನಮ್ಮ ಪ್ರಯೋಗಶಾಲೆಯಲ್ಲಿ ನಾವು ಈಗ ಹಾಗೆಯೇ ಕೇಳುತ್ತೇವೆ.