ಹತ್ತಿ ನಿಂತುಹೋಗುವ ಚೈನ್ ಸಾ: ಮಾಡಬೇಕಾದ್ದು, ಮಾಡಬಾರದ್ದು

ಕಂಬಂ, ಬೋಡಿಯಿಂದ ಏಲಕ್ಕಿ ಗುಡ್ಡಕ್ಕೆ ಮರ ಕೊಯ್ಯುವ ಮೆಷಿನ್ ಒಯ್ಯುವವರಿಗೆ, ದಿಂಡಿಗಲ್ ಬಯಲಲ್ಲಿ ಹುಣಸೆ, ತೆಂಗು ಕೊಯ್ಯುವವರಿಗೆ ಈ ಸೂಚನೆ. ಕಂಬಂ ಕಡೆಯ ಕಪ್ಪಿಲಿಯರ ಮನೆಮಾತು ಕನ್ನಡ, ಓದು ತಮಿಳು. ಕನ್ನಡ ಅಕ್ಷರ ಬಲ್ಲವರು ಜೊತೆಯವರಿಗೆ ಓದಿ ಹೇಳಿ.

ಮೊದಲು ಸ್ಕ್ರೂಡ್ರೈವರ್ ಕೆಳಗಿಡಿ. ಎಂಜಿನ್ ಹತ್ತಿತೆಂದರೆ ಕಿಡಿ ಬರುತ್ತಿದೆ. ಆಮೇಲೆ ನಿಂತಿತೆಂದರೆ ಹೆಚ್ಚಿನ ಸಲ ತೊಂದರೆ ಟ್ಯಾಂಕಿನ ಕಡೆಯದು, ಕಾರ್ಬುರೇಟರಿನದಲ್ಲ.

ಮಾಡಬೇಕಾದ್ದು

ನಾಲ್ಕು ನಿಮಿಷ ಓಡಿ ನಿಂತರೆ, ಮೆಷಿನ್ ಆರಿದ ಮೇಲೆ ಟ್ಯಾಂಕಿನ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿ. ‘ಉಸ್’ ಎಂದು ಗಾಳಿ ಒಳಗೆ ಎಳೆದುಕೊಂಡು, ಮತ್ತೆ ಸ್ಟಾರ್ಟ್ ಮಾಡಿದಾಗ ಚೆನ್ನಾಗಿ ಓಡಿದರೆ ಟ್ಯಾಂಕಿನ ಗಾಳಿಕಿಂಡಿ ಕಟ್ಟಿದೆ. ಚೊಕ್ಕಮಾಡಿ, ಅಷ್ಟೇ ಕೆಲಸ. ಬಿಸಿ ಮೆಷಿನ್ನಿನ ಮುಚ್ಚಳ ತಟ್ಟನೆ ತೆರೆದರೆ ಪೆಟ್ರೋಲು ಮುಖಕ್ಕೆ ಚಿಮ್ಮೀತು.

ಟ್ಯಾಂಕಿನೊಳಗಿನ ಫಿಲ್ಟರನ್ನು ತಂತಿ ಕೊಕ್ಕೆಯಿಂದ ಹೊರಗೆಳೆದು ನೋಡಿ. ಕಪ್ಪಾಗಿದ್ದರೆ ಹೊಸದು ಹಾಕಿ. ಟ್ಯೂಬನ್ನು ಬಗ್ಗಿಸಿ ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಪೆಟ್ರೋಲಿನ ಬದಲು ಗಾಳಿ ಎಳೆಯುತ್ತದೆ.

ತಿಂಗಳು ದಾಟಿದ ಮಿಶ್ರಣ ಚೆಲ್ಲಿಬಿಡಿ, ಜಿಪುಣತನ ಬೇಡ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಗುಡ್ಡದ ಶೆಡ್ಡಿನಲ್ಲಿಟ್ಟ ಕ್ಯಾನಿನ ತಳದಲ್ಲಿ ನೀರು ಬೇರೆಯಾಗಿ ಕೂತಿರುತ್ತದೆ. 50:1 ಎಂದರೆ ಒಂದು ಲೀಟರಿಗೆ 20 ಮಿಲಿ ಟೂ ಸ್ಟ್ರೋಕ್ ಆಯಿಲ್. ಅಳೆದು ಹಾಕಿ, ‘ಒಂದು ಮುಚ್ಚಳ’ ಅಳತೆಯಲ್ಲ.

ಪ್ಲಗ್ ಬಿಚ್ಚಿ ಬಣ್ಣ ನೋಡಿ. ಒದ್ದೆಯಾಗಿ ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಬೆಳ್ಳಗಿದ್ದರೆ ಪೆಟ್ರೋಲು ಸಾಲದು. ಅಂಥ ಮೆಷಿನ್ ಓಡಿಸಬೇಡಿ, ಪಿಸ್ಟನ್ ಹೋಗುತ್ತದೆ. ಸೈಲೆನ್ಸರಿನ ಜಾಲರಿಯನ್ನೂ ತೆಗೆದು ನೋಡಿ. ಅದು ಮಸಿಯಿಂದ ಮುಚ್ಚಿದ್ದರೆ ಸಣ್ಣಗೆ ಓಡುವ ಎಂಜಿನ್ ಆಕ್ಸಿಲರೇಟರ್ ಒತ್ತಿದೊಡನೆ ಸಾಯುತ್ತದೆ.

ಮಾಡಬಾರದ್ದು

ಮೊದಲ ಸದ್ದು ಬಂದ ಮೇಲೂ ಚೋಕ್ ಎಳೆದೇ ಇಟ್ಟು ಹಗ್ಗ ಜಗ್ಗಬೇಡಿ. ‘ಹತ್ತಿ ನಿಲ್ಲುತ್ತೆ’ ಎಂದು ಬರುವ ಹೊಸಬರ ದೂರಿನಲ್ಲಿ ಅರ್ಧಪಾಲು ಇದೇ ಎಂದು ನನ್ನ ಗುಮಾನಿ.

ಏರ್ ಫಿಲ್ಟರ್ ತೆಗೆದು ಓಡಿಸಬೇಡಿ. ದಿಂಡಿಗಲ್ ಧೂಳು, ತೆಂಗಿನ ಪುಡಿ ಎರಡೂ ಸಿಲಿಂಡರನ್ನು ಉಜ್ಜಿ ತಿನ್ನುತ್ತವೆ.

ನಿಲ್ಲುತ್ತದೆಂದು ಐಡ್ಲಿಂಗ್ ಏರಿಸಬೇಡಿ. ಆಕ್ಸಿಲರೇಟರ್ ಬಿಟ್ಟ ಮೇಲೂ ಚೈನ್ ತಿರುಗುತ್ತಿದ್ದರೆ ಆ ಮೆಷಿನ್ ಕೆಲಸಕ್ಕೆ ಒಯ್ಯುವಂತಿಲ್ಲ. ಬ್ರೇಕ್ ಹಾಕಿಯೇ ಸ್ಟಾರ್ಟ್ ಮಾಡಿ. ಬ್ರೇಕ್ ಬಿಡದೆ ರೇಸ್ ಮಾಡಬೇಡಿ, ಕ್ಲಚ್ ಸುಡುತ್ತದೆ.

ಗುಡ್ಡದಲ್ಲಿ ತಿರುಗಿಸಿದ ಕಾರ್ಬುರೇಟರಿನ ಸ್ಕ್ರೂ ಹಾಗೇ ಬಿಟ್ಟು ಕೆಳಗೆ ಇಳಿಯಬೇಡಿ. ಇಲ್ಲಿಯವರು ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇದರಲ್ಲೇ. ಕಂಬಂ ಸಮುದ್ರಮಟ್ಟದಿಂದ ಸುಮಾರು 400 ಮೀಟರ್. ಕಂಬಂಮೆಟ್ಟು ಹತ್ತಿ ವಂಡನ್‌ಮೇಡು ಸೇರುವಷ್ಟರಲ್ಲಿ 1000 ದಾಟುತ್ತದೆ. ಮೇಲೆ ಗಾಳಿ ತೆಳು, ಪೆಟ್ರೋಲು ಹೆಚ್ಚಾಗಿ ಎಂಜಿನ್ ಮುಗ್ಗರಿಸುತ್ತದೆ. ಅದಕ್ಕೆ ‘ಎಲ್’, ‘ಎಚ್’ ಸ್ಕ್ರೂ ಬಿಗಿಮಾಡುತ್ತೀರಿ. ಸಂಜೆ ಅದೇ ಮೆಷಿನ್ ಜೀಪಿನಲ್ಲಿ ಕಣಿವೆಗೆ ಇಳಿಯುತ್ತದೆ, ಮರುದಿನ ತೆಂಗಿನ ತೋಟದಲ್ಲಿ ಪೆಟ್ರೋಲು ಸಾಲದೆ, ಪೆಟ್ರೋಲಿನ ಜೊತೆ ಆಯಿಲೂ ಸಾಲದೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಎಷ್ಟು ತಿರುಗಿಸಿದಿರೋ ಹ್ಯಾಂಡಲಿಗೆ ಟೇಪು ಅಂಟಿಸಿ ಬರೆದಿಡಿ. ಇಳಿದೊಡನೆ ಮೊದಲಿನ ಜಾಗಕ್ಕೆ ತನ್ನಿ. ಒಮ್ಮೆಗೆ ಗಡಿಯಾರದ ಮುಳ್ಳು ಐದು ನಿಮಿಷ ಸರಿಯುವಷ್ಟೇ ತಿರುಗಿಸಿ. ತಾನೇ ಹೊಂದಿಸಿಕೊಳ್ಳುವ ಎಲೆಕ್ಟ್ರಾನಿಕ್ ಕಾರ್ಬುರೇಟರಾದರೆ ಸ್ಕ್ರೂ ಹುಡುಕುತ್ತಾ ಕೂರಬೇಡಿ.

ಇಷ್ಟಾದರೂ ನಿಂತರೆ ಡಯಾಫ್ರಾಮ್ ಗಟ್ಟಿಯಾಗಿರಬಹುದು, ಕ್ರ್ಯಾಂಕ್ ಸೀಲಿನಲ್ಲಿ ಗಾಳಿ ಸೋರುತ್ತಿರಬಹುದು. ಕಾದ ಮೇಲೆ ನಿಂತು, ತಣ್ಣಗಾದಾಗ ಮತ್ತೆ ಹತ್ತಿದರೆ ಕಾಯಿಲ್ ಮೇಲೆ ಅನುಮಾನ. ಇವು ಮೆಕ್ಯಾನಿಕ್ಕಿನ ಕೆಲಸ. ‘ಓಡಲ್ಲ’ ಎಂದಷ್ಟೇ ಹೇಳಿ ಬಿಟ್ಟುಬರಬೇಡಿ. ಎಷ್ಟು ನಿಮಿಷಕ್ಕೆ ನಿಂತಿತು, ಗುಡ್ಡದಲ್ಲೋ ಬಯಲಲ್ಲೋ ಅದನ್ನೂ ಹೇಳಿ.