ದೀರ್ಘಕಾಲದ ಮುಖಗವಸು ಧಾರಣೆ ಮತ್ತು ಮುಖದ ಚರ್ಮದ ಆರೋಗ್ಯ: ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ

2020ರಲ್ಲಿ ಕೋವಿಡ್ ನಿಮಿತ್ತ ಎಲ್ಲರೂ ಧರಿಸಿದ ಮುಖಗವಸನ್ನು ಈಗ ಬಹುತೇಕರು ಬದಿಗಿರಿಸಿದ್ದಾರೆ. ಆದರೆ ಸ್ವಚ್ಛ ವಾಹಿನಿಯ ಚಾಲಕಿಯರು, ಸಹಾಯಕಿಯರು ಹಾಗೂ ಘನತ್ಯಾಜ್ಯ ಘಟಕದಲ್ಲಿ ಒಣಕಸ ವಿಂಗಡಿಸುವ ಸ್ವಸಹಾಯ ಸಂಘದ ಮಹಿಳೆಯರು ಅದನ್ನು ಇಂದಿಗೂ ಗಂಟೆಗಟ್ಟಲೆ ಧರಿಸಬೇಕಾಗಿದೆ. ಮುಖಗವಸು ಗದ್ದದ ಕೆಳಗೆ ಜಾರಿರುವುದನ್ನು ಕಂಡೊಡನೆ ಅದನ್ನು ಉದಾಸೀನವೆಂದು ಆಕ್ಷೇಪಿಸುವುದು ವಾಡಿಕೆ. ಅನೇಕ ವೇಳೆ ಅದಕ್ಕೆ ಕಾರಣ ಮುಖದ ತುರಿಕೆ ಮತ್ತು ಉರಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಾರ್ಮಿಕರಿಗೆ ನೀಡಬೇಕಾದ ರಕ್ಷಣಾ ಸಾಮಗ್ರಿಗಳಲ್ಲಿ ಮುಖಗವಸನ್ನು ಹೆಸರಿಸಿದ್ದಲ್ಲದೆ, ಅವುಗಳ ಬಳಕೆಯನ್ನೂ ಖಾತರಿಪಡಿಸಬೇಕೆಂದು ಹೇಳಿದ್ದವು. ಚರ್ಮ ಸಹಿಸದ ವಸ್ತುವನ್ನು ಯಾರೂ ಬಹುಕಾಲ ಧರಿಸಲಾರರು.

ಉಸಿರಿನ ನೀರಾವಿ ಮುಖಗವಸಿನ ಒಳಗೇ ಉಳಿದು ಶಾಖ ಮತ್ತು ತೇವ ಎರಡನ್ನೂ ಹೆಚ್ಚಿಸುತ್ತದೆ. ಚರ್ಮದ ಹೊರಪದರ ನೀರು ಹೀರಿ ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮ ಬಟ್ಟೆಯ ಉಜ್ಜುವಿಕೆಗೆ ಬೇಗನೆ ಸವೆಯುತ್ತದೆ. ಚರ್ಮದ ಶಾಖ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಜಿಡ್ಡಿನ ಸ್ರಾವ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಜಿಡ್ಡು, ಬೆವರು ಹಾಗೂ ಕಸದ ಧೂಳು ಸೇರಿ ರೋಮರಂಧ್ರಗಳನ್ನು ಮುಚ್ಚಿದಾಗ ಮೊಡವೆಗಳು ಏಳುತ್ತವೆ. ಮೂಗಿನ ಮೇಲಿನ ಒತ್ತಿನ ಗಾಯ, ಕಿವಿಯ ಹಿಂದಿನ ಸೀಳು ಇವು ಬಿಗಿತದಿಂದ ಆಗುವಂಥವು.

ಅಲರ್ಜಿ ಇದಕ್ಕಿಂತ ಭಿನ್ನ. ಎಲಾಸ್ಟಿಕ್‌ನ ರಬ್ಬರು, ಮೂಗಿನ ಪಟ್ಟಿಯ ನಿಕ್ಕಲ್, ಸರಿಯಾಗಿ ಜಾಲಿಸದ ಬಟ್ಟೆಯಲ್ಲುಳಿದ ಸೋಪಿನ ಪುಡಿ ಕೆಲವರಿಗೆ ಒಗ್ಗುವುದಿಲ್ಲ. ಮುಖಗವಸು ತಗಲುವ ಜಾಗದಲ್ಲಿಯೇ ಕೆಂಪು ಗೆರೆಯಂತೆ ತುರಿಕೆ ಕಂಡುಬಂದಲ್ಲಿ ಬೇರೆ ಬಗೆಯದನ್ನು ಕೊಟ್ಟು ನೋಡುವುದು ಸೂಕ್ತ. ಅತಿ ಕಡಿಮೆ ದರದ್ದನ್ನೇ ಸಗಟಾಗಿ ಖರೀದಿಸುವ ಪದ್ಧತಿಯನ್ನು ಈ ದೃಷ್ಟಿಯಿಂದ ಮರುಪರಿಶೀಲಿಸಬೇಕು.

ನಿಜವಾದ ಹಾನಿ ಬಹಳಷ್ಟು ಸಲ ಮುಖಗವಸಿನಿಂದಲ್ಲ, ಅದರ ನಂತರದ ಸ್ವಯಂ ಚಿಕಿತ್ಸೆಯಿಂದ ಆಗುತ್ತದೆ. ತುರಿಕೆಗೆಂದು ಔಷಧ ಅಂಗಡಿಯಿಂದ ತರುವ ಅನೇಕ ಮುಲಾಮುಗಳಲ್ಲಿ ಕ್ಲೋಬೆಟಾಸಾಲ್ ಅಥವಾ ಬೀಟಾಮೆಥಾಸೋನ್ ಎಂಬ ಪ್ರಬಲ ಸ್ಟಿರಾಯ್ಡ್ ಇರುತ್ತದೆ. ಹಚ್ಚಿದ ಎರಡು ದಿನದಲ್ಲಿ ಮುಖ ತಿಳಿಯಾದಂತೆ ತೋರುತ್ತದೆ. ಆ ನೆಮ್ಮದಿಯೇ ಬಳಕೆಯನ್ನು ತಿಂಗಳುಗಟ್ಟಲೆ ಮುಂದುವರಿಸುತ್ತದೆ. ಕ್ರಮೇಣ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಾಣಿಸಿ, ಮೊಡವೆ ಉಲ್ಬಣಿಸಿ, ಬಿಸಿಲು ತಾಗಿದರೆ ಉರಿಯುತ್ತದೆ. ಹಚ್ಚುವುದನ್ನು ನಿಲ್ಲಿಸಿದರೆ ಮುಖ ಮತ್ತಷ್ಟು ಕೆಂಪಾಗುವುದರಿಂದ ರೋಗಿ ಪುನಃ ಅದಕ್ಕೇ ಮೊರೆಹೋಗುತ್ತಾರೆ. ಈ ದುರ್ಬಳಕೆ ತಡೆಯಲು 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯ ಮೇಲೆಯೇ ಮಾರಬೇಕಾದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು.

ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳಿಗೆ ದೊಡ್ಡ ವೆಚ್ಚವೇನೂ ಬೇಕಿಲ್ಲ. ಪ್ರತಿಯೊಬ್ಬರಿಗೂ ದಿನಕ್ಕೆ ಒಂದಕ್ಕಿಂತ ಹೆಚ್ಚು ಮುಖಗವಸು ದೊರೆತರೆ ಬೆವರಿನಿಂದ ಒದ್ದೆಯಾದುದನ್ನು ಬದಲಿಸಲು ಸಾಧ್ಯ. ಬೇಸಿಗೆಯ ರಾಯಚೂರು, ಕಲಬುರಗಿಯಲ್ಲಿಯೂ ಮಳೆಗಾಲದ ಕರಾವಳಿಯಲ್ಲಿಯೂ ಇದು ಅತ್ಯಗತ್ಯ. ನಾಲ್ಕು ಗಂಟೆಗೊಮ್ಮೆ 15 ನಿಮಿಷ, ಧೂಳಿಲ್ಲದ ನೆರಳಿನಲ್ಲಿ, ಕೈ ತೊಳೆದು ಮುಖಗವಸು ತೆಗೆದಿರಲು ಅವಕಾಶವಿರಬೇಕು. ಘಟಕದಲ್ಲಿ ಮುಖ ತೊಳೆಯಲು ಶುದ್ಧ ನೀರು ಇದೆಯೇ ಎಂಬುದನ್ನು ಸದಸ್ಯರು ಖುದ್ದಾಗಿ ನೋಡುವುದು ಒಳಿತು. ಬಟ್ಟೆ ಒಗೆಯುವ ಸಾಬೂನು ಮುಖಕ್ಕೆ ತಕ್ಕುದಲ್ಲ. ಒಣಗಿ ಬಿರಿದ ಜಾಗಕ್ಕೆ ತೆಳುವಾಗಿ ವ್ಯಾಸಲೀನ್ ಸಾಕು, ಅದೂ ಕೆಲಸ ಮುಗಿದ ಬಳಿಕ. ಮೊಡವೆ ಇರುವವರಿಗೆ ಕೊಬ್ಬರಿ ಎಣ್ಣೆ ಹಿತವಲ್ಲ.

ಕೀವು, ಊತ, ವಾಸಿಯಾಗದ ಗಾಯ ಇದ್ದವರನ್ನು, ವಿಶೇಷವಾಗಿ ಮಧುಮೇಹಿಗಳನ್ನು, ವಿಳಂಬವಿಲ್ಲದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ಸ್ಪರ್ಶಜ್ಞಾನ ಕುಂದಿದ ತಿಳಿಬಣ್ಣದ ಮಚ್ಚೆ ಮುಖಗವಸಿನಿಂದ ಬರುವಂಥದಲ್ಲ. ಅದು ಕುಷ್ಠರೋಗದ ಲಕ್ಷಣವಿರಬಹುದಾದ್ದರಿಂದ ತಪಾಸಣೆ ಅಗತ್ಯ. ಆ ರೋಗಕ್ಕೆ ಬಹು ಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಲಭ್ಯವಿದೆ.